ಎರಡು ಅಡಿ ನಾಲ್ಕು ಇಂಚು

ವಿಯಾ ಲುಸೇರಾ, ಕೊಲಂಬಿಯಾ
14 ಜೂನ್ 2025

ಸೌ. ಕಾಡವ್ವಳಿಗೆ ಮೈಲಾರಲಿಂಗ ತಿಳಿಸುವುದೇನೆಂದರೆ,

ವಿಷಯ: ಬಂದು ಮುಟ್ಟಿದ ಬಗ್ಗೆ ಹಾಗೂ ಇಲ್ಲಿಯ ಜನರ ನಡವಳಿಕೆಯ ಬಗ್ಗೆ.
ಉಲ್ಲೇಖ: ವಿಮಾನ ನಿಲ್ದಾಣದಿಂದ ನಾನು ಮಾಡಿದ ಫೋನು, ಅದಕ್ಕೆ ನೀನು ಅಂದ ‘ಹ್ಞೂಂ’.

ಹೊರಡುವ ಮುಂಚೆ ಒಪ್ಪಿಕೊಂಡಂತೆ ಪತ್ರ ಬರೆಯುತ್ತಿದ್ದೇನೆ. ಕಾಗದದ ಮೇಲೆ ಬರೆದು, ಫೋಟೊ ತೆಗೆದು, ಬಾಜುಮನೆಯ ನಿಖಿತಾಳ ಝೆರಾಕ್ಸ್ ಅಂಗಡಿಗೆ ಕಳಿಸುತ್ತೇನೆ. ಅವಳು ಪ್ರಿಂಟು ತೆಗೆದು ಕೊಡುತ್ತಾಳೆ. ನೀನೂ ಹಾಗೆಯೇ ಮಾಡು. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ‘ನಾ ಹಂಗ ಅಂದೇ ಇಲ್ಲ’ ಎಂದು ನೀನು ಎಷ್ಟು ಸಲ ಅಂದಿದ್ದೀ ಎಂಬುದು ನನಗೆ ನೆನಪಿದೆ. ಬರೆಯುವಾಗ ಮಾತಾಡಿದ ಹಾಗೆ ಬರೆಯಬೇಡ, ಪುಸ್ತಕದಲ್ಲಿ ಇರುವ ಹಾಗೆ ಬರೆ.

ನಮ್ಮ ಉದ್ಯಮಬಾಗದ ಕಾರ್ಖಾನೆಯಿಂದ ಬಂದ ಕಬ್ಬಿನ ಗಾಣದ ಯಂತ್ರಗಳು ಮೂರೂ ಇಲ್ಲಿಯ ಬೆಲ್ಲದ ಸಂಘದ ಶೆಡ್ಡಿನಲ್ಲಿವೆ. ಅವನ್ನು ಜೋಡಿಸಿ, ಇವರಿಗೆ ನಡೆಸಲು ಕಲಿಸಿ, ಮಾರ್ಚ್ ಕೊನೆಗೆ ನಾನು ಊರಿಗೆ ಬರಬೇಕು. ಊರಿನ ಹೆಸರನ್ನು ವಿಲ್ಲಾ ಎಂದು ಬರೆದು ವಿಯಾ ಎಂದು ಓದುತ್ತಾರೆ. ಎರಡು ಲಕಾರ ಬರೆದ ಮೇಲೆ ಒಂದನ್ನಾದರೂ ಉಚ್ಚರಿಸಬೇಕಲ್ಲವೇ ಎಂದು ಮ್ಯಾನೇಜರರನ್ನು ಕೇಳಿದೆ. ನಕ್ಕರು. ಇಲ್ಲಿ ಯಾವ ಆಕ್ಷೇಪಣೆಗೂ ನಗುತ್ತಾರೆ.

ಬರುವ ಮುಂಚೆ ಈ ದೇಶದ ಬಗ್ಗೆ ಗ್ರಂಥಾಲಯದಲ್ಲಿ ಸಿಕ್ಕ ಎರಡೂ ಪುಸ್ತಕ ಓದಿದ್ದೆ. ಎರಡರಲ್ಲೂ ಬರೀ ಬಂದೂಕು. ತುಟಿಯ ಬಗ್ಗೆ ಯಾರೂ ಬರೆದಿರಲಿಲ್ಲ. ಈ ಜನ ದಾರಿಯನ್ನು ಬೆರಳಿನಿಂದ ತೋರಿಸುವುದಿಲ್ಲ, ತುಟಿ ಮುಂದೆ ಮಾಡಿ ತೋರಿಸುತ್ತಾರೆ. ಅಂಚೆ ಕಚೇರಿ ಎಲ್ಲಿ ಎಂದು ಅರವತ್ತು ದಾಟಿದ ಒಬ್ಬ ಹೆಂಗಸನ್ನು ಕೇಳಿದೆ. ಆಕೆ ನನ್ನನ್ನು ನೋಡಿ ತುಟಿ ಚೂಪು ಮಾಡಿದರು. ನಾನು ತಲೆ ತಗ್ಗಿಸಿ ಸರಸರ ಬೇರೆ ಕಡೆ ನಡೆದುಬಿಟ್ಟೆ. ಅಂಚೆ ಕಚೇರಿ ನನ್ನ ಬೆನ್ನ ಹಿಂದೆಯೇ ಇತ್ತಂತೆ.

ಕಾಫಿಗೆ ತಿಂತೊ ಅನ್ನುತ್ತಾರೆ. ಮೊದಲ ದಿನ ಮ್ಯಾನೇಜರ್ ನನ್ನ ಮುಖ ನೋಡಿ ‘ತಿಂತೊ?’ ಎಂದಾಗ, ನಮ್ಮ ಖಾನಾಪುರದ ಕಡೆಯವರು ಯಾರೋ ಸಿಕ್ಕರು ಎಂದು ಸಂತೋಷವಾಯಿತು. ಆದರೆ ಮೊದಲ ಭೇಟಿಯಲ್ಲೇ ಏಕವಚನದಲ್ಲಿ ‘ತಿಂತ್ಯೊ’ ಎಂದು ಕೇಳುವುದೇ ಎಂದು ಸಿಟ್ಟೂ ಬಂತು. ತಿನ್ನಲು ಏನೂ ಬರಲಿಲ್ಲ. ಗುಬ್ಬಿ ಕುಡಿಯುವಷ್ಟು ಕರಿ ಕಾಫಿ ಬಂತು. ಅಂಗಡಿಯಲ್ಲಿ ಅದನ್ನು ‘ನನಗೊಂದು ತಿಂತೊ ಕಾಣಿಕೆ ಕೊಡಿ’ ಎಂದು ಕೇಳುತ್ತಾರೆ, ಕುಡಿದು ರೊಕ್ಕ ಕೊಟ್ಟು ಹೋಗುತ್ತಾರೆ. ಕಾಣಿಕೆಗೆ ರೊಕ್ಕ ಯಾಕೆ ಎಂದು ಮೊದಲ ವಾರ ನಾನು ಕೊಟ್ಟಿರಲಿಲ್ಲ. ರೊಟ್ಟಿ ಗೊಂಜಾಳದ್ದು, ದಪ್ಪ, ಉಪ್ಪಿಲ್ಲ. ಬಿಸಿ ಬೆಲ್ಲದ ನೀರಿನಲ್ಲಿ ಚೀಜಿನ ತುಂಡು ಮುಳುಗಿಸಿ ಕೊಡುತ್ತಾರೆ. ಯಾಕೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ.

ಇನ್ನು ಮುಖ್ಯ ವಿಷಯ. ಎದುರುಮನೆಯ ಬಿಲ್ಕೀಸಳ ಕಟ್ಟೆ ನಮ್ಮ ಓಣಿಯ ರಸ್ತೆಯನ್ನು ಎರಡು ಅಡಿ ನಾಲ್ಕು ಇಂಚು ತಿಂದಿದೆ. 2006ರ ಮಾರ್ಚಿನಿಂದ ನಾನು ನಲವತ್ತೊಂದು ಅರ್ಜಿ ಕೊಟ್ಟಿದ್ದೇನೆ. ವಾರ್ಡ್ ಆಫೀಸಿನಿಂದ ಏನಾದರೂ ಬಂದರೆ ತಕ್ಷಣ ತಿಳಿಸು. ಅರ್ಜಿ ಬಾಕಿ ಇರುವವರೆಗೆ ಎದುರುಗಾರರೊಂದಿಗೆ ಮಾತು, ನಗು, ಕೊಡುಕೊಳ್ಳುವುದು ಏನೂ ಸಲ್ಲದು ಎಂಬ ನಿಯಮ ನಾನಿಲ್ಲದಾಗಲೂ ನಡೆಯಲಿ.

ನಿನ್ನ
ಮೈಲಾರಲಿಂಗ


ಬೆಳಗಾವಿ
2 ಜುಲೈ 2025

ಯಜಮಾನರಿಗೆ ಕಾಡವ್ವ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲ ಕ್ಷೇಮ.

ವಿಷಯ ಎಂದು ಮೇಲೆ ಬರೆಯಲು ನನಗೆ ವಿಷಯವಿಲ್ಲ. ಪುಸ್ತಕದ ಹಾಗೆ ಬರೆ ಎಂದಿದ್ದೀರಿ. ಏಳನೆಯ ಇಯತ್ತೆಯ ಪುಸ್ತಕದ ಹಾಗೆ ಬರೆಯುತ್ತೇನೆ, ಅದರ ಮುಂದಿನದು ನಾನು ನೋಡಿಲ್ಲ.

ಅಂಚೆ ಕಚೇರಿಯ ದಾರಿಯನ್ನು ಇನ್ನು ಮುಂದೆ ಗಂಡಸರನ್ನು ಕೇಳಿರಿ.

ಇಲ್ಲಿ ಮಳೆ ಚೆನ್ನಾಗಿದೆ. ನಾನು ಕೌದಿ ಹೊಲಿಯುತ್ತಿದ್ದೇನೆ. ದೊಡ್ಡದು, ಇಬ್ಬರು ಮಲಗುವಂಥದ್ದು. ಬಣ್ಣಬಣ್ಣದ ಹೊಸ ಅರಿವೆಯ ತುಂಡುಗಳು ಸಿಕ್ಕಿವೆ. ನಮ್ಮ ಓಣಿಯ ರೇಣವ್ವ ಒಂದು ಮೂಲೆಯಿಂದ ಹೊಲಿಯುತ್ತಾಳೆ, ನಾನು ಒಂದು ಮೂಲೆಯಿಂದ. ಉಳಿದ ಎರಡು ಮೂಲೆಗೂ ಕೈ ಇವೆ.

ಬಿಲ್ಕೀಸರ ಮೊಣಕಾಲು ನೋವು ಕಡಿಮೆಯಾಗಿದೆ. ಅವರ ಸೊಸೆ ಶಗುಫ್ತಾ ಹೊಲಿಗೆ ಕ್ಲಾಸಿಗೆ ಹೊಸ ಮಷಿನ್ ತಂದಿದ್ದಾಳೆ. ಇದೆಲ್ಲ ಓಣಿಯಲ್ಲಿ ಹಾಗೇ ಕಿವಿಗೆ ಬಿತ್ತು. ನಾನಾಗಿ ಕೇಳಲಿಲ್ಲ.

ಚೀಜು ಹಾಕಿದ ಬೆಲ್ಲದ ನೀರು ಕುಡಿಯಬೇಡಿರಿ, ನಿಮಗೆ ಪಿತ್ತವಾಗುತ್ತದೆ.

ಕಾಡವ್ವ


ವಿಯಾ ಲುಸೇರಾ
20 ಆಗಸ್ಟ್ 2025

ಸೌ. ಕಾಡವ್ವಳಿಗೆ,

ವಿಷಯ: ಒಂದು ಅದ್ಭುತದ ಬಗ್ಗೆ.
ಉಲ್ಲೇಖ: ನಿನ್ನ ಪತ್ರ. ಅದರಲ್ಲಿ ಎದುರುಮನೆಯ ಮೊಣಕಾಲಿನ ವಿಷಯ ಅನಾವಶ್ಯಕ.

ಕಾಡವ್ವ, ಈ ದೇಶದ ಸಂವಿಧಾನದಲ್ಲಿ ಯಾರು ಬೇಕಾದರೂ ಸರಕಾರಕ್ಕೆ ಅರ್ಜಿ ಕೊಡಬಹುದು. ಅದೇನು ದೊಡ್ಡದು ಅನ್ನಬೇಡ. ಹದಿನೈದು ಕೆಲಸದ ದಿನಗಳೊಳಗೆ ಸರಕಾರ ಉತ್ತರ ಕೊಡಲೇಬೇಕು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಮೂವತ್ತು ವರ್ಷ ನಾನು ತಪ್ಪು ದೇಶದಲ್ಲಿ ಅರ್ಜಿ ಬರೆದೆ.

ಪರೀಕ್ಷೆ ಮಾಡಿಯೇಬಿಡೋಣ ಎಂದು ಒಂದು ಕೊಟ್ಟೆ. ನನ್ನ ಕೋಣೆಯ ಕೆಳಗೆ ಒಂದು ಕಿರಾಣಿ ಅಂಗಡಿ ಇದೆ, ನೂಬಿಯಾ ಎಂಬ ಹೆಂಗಸಿನದು. ನಾನು ನೂಬಿಯಾಬಾಯಿ ಎನ್ನುತ್ತೇನೆ. ಈಕೆ ಫುಟ್‌ಪಾತಿನ ಮೇಲೆ ಏಳು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾಳೆ. ಸಂಜೆಯಾದರೆ ಓಣಿಯ ಗಂಡಸರು ಹೆಂಗಸರು ಅಲ್ಲೇ. ನಡೆಯುವವರು ರಸ್ತೆಗೆ ಇಳಿದು ನಡೆಯಬೇಕು. ನಾನು ಅಳತೆ ತೆಗೆದು, ನಕ್ಷೆ ಬರೆದು, ಮೊಬೈಲಿನಿಂದ ಅವರ ಭಾಷೆಗೆ ಮಾಡಿಸಿ, ಜುಲೈ 25ರಂದು ಕೊಟ್ಟೆ. ಉತ್ತರ ಹದಿನಾಲ್ಕನೆಯ ಕೆಲಸದ ದಿನಕ್ಕೆ ಬಂತು. ತಾರೀಖು ಆಗಸ್ಟ್ 15. ನಾನು ಅದನ್ನು ಹಣೆಗೆ ಒತ್ತಿಕೊಂಡೆ.

ಮೂರು ಪುಟದ ಉತ್ತರ. ಮೊದಲ ಪುಟದಲ್ಲಿ ನನಗೆ ಹೃತ್ಪೂರ್ವಕ ನಮಸ್ಕಾರ. ಎರಡನೆಯದರಲ್ಲಿ ನನ್ನ ನಾಗರಿಕ ಪ್ರಜ್ಞೆಗೆ ಅಭಿನಂದನೆ. ಮೂರನೆಯದರಲ್ಲಿ, ವಿಷಯವನ್ನು ಅವೊರೀತಾ ಪರಿಶೀಲಿಸಲಾಗುವುದು ಎಂದಿದೆ. ಅವೊರೀತಾ ಎಂದರೆ ‘ಈಗಲೇ’ ಎಂದು ಮೊಬೈಲು ಹೇಳುತ್ತದೆ. ನಾನು ಲೆಕ್ಕ ಇಟ್ಟಿದ್ದೇನೆ: ನಲ್ಲಿ ರಿಪೇರಿಯವನ ಅವೊರೀತಾ ಒಂಬತ್ತು ದಿನ, ಮ್ಯಾನೇಜರರದು ನಾಲ್ಕು, ಬಸ್ಸಿನವನದು ಇನ್ನೂ ನಡೆದಿದೆ. ಕುರ್ಚಿಗಳು ಏಳು ಇದ್ದವು, ಈಗ ಎಂಟು ಆಗಿವೆ. ಎಂಟನೆಯದು ಯಾಕೆ ಬಂತು ಎಂಬುದನ್ನು ವಿಚಾರಿಸುತ್ತಿದ್ದೇನೆ.

ಇನ್ನೊಂದು ಅತಿರೇಕ ಕೇಳು. ಇವರಲ್ಲೂ ನಮ್ಮ ಹಾಗೆ ನೀನು, ನೀವು ಎಂದು ಎರಡು ಇವೆ. ಆದರೆ ಈ ಭಾಗದವರು ಎಲ್ಲರಿಗೂ ನೀವು ಅನ್ನುತ್ತಾರೆ. ಐವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೂ ನೀವು. ತೊಟ್ಟಿಲ ಕೂಸಿಗೂ ನೀವು. ನೂಬಿಯಾಬಾಯಿ ತನ್ನ ನಾಯಿಗೆ ‘ದಯವಿಟ್ಟು ಆ ಸಜ್ಜನರ ಬೂಟನ್ನು ಕಚ್ಚಬೇಡಿ, ಕೆಳಗಿಳಿಯಿರಿ’ ಎನ್ನುತ್ತಾಳೆ. ಸಜ್ಜನ ಎಂದರೆ ನಾನು. ನಾಯಿ ಬಿಡಲಿಲ್ಲ.

ಹಬ್ಬ ಗುರುವಾರ ಬಂದರೂ ರಜೆ ಸೋಮವಾರ. ಸಂತರು ಸತ್ತ ದಿನವನ್ನೂ ಇವರು ತಮ್ಮ ಅನುಕೂಲಕ್ಕೆ ಸರಿಸಿದ್ದಾರೆ. ಮಾರ್ಚ್ ಕೊನೆಗೆ ನಾನು ಬರುವುದು ಮಾತ್ರ ಸರಿಯುವುದಿಲ್ಲ.

ನಿನ್ನ
ಮೈಲಾರಲಿಂಗ


ಬೆಳಗಾವಿ
11 ಸೆಪ್ಟೆಂಬರ್ 2025

ಯಜಮಾನರಿಗೆ ಕಾಡವ್ವ ಮಾಡುವ ನಮಸ್ಕಾರಗಳು.

ತಕ್ಷಣ ತಿಳಿಸು ಎಂದಿದ್ದಿರಿ, ಆದ್ದರಿಂದ ತಿಳಿಸುತ್ತಿದ್ದೇನೆ. ನಿನ್ನೆ ವಾರ್ಡ್ ಆಫೀಸಿನಿಂದ ಇಬ್ಬರು ಬಂದು ಬಿಲ್ಕೀಸರ ಗೋಡೆಗೆ ನೋಟೀಸು ಅಂಟಿಸಿ ಹೋದರು. ನಿಮ್ಮ ಅರ್ಜಿಗಳ ಮೇಲೆಯೇ ಆದದ್ದು, ನಿಮ್ಮ ಹೆಸರೂ ಅದರಲ್ಲಿದೆ. ನವೆಂಬರ್ 10ರೊಳಗೆ ಕಟ್ಟೆಯನ್ನು ಎರಡು ಅಡಿ ನಾಲ್ಕು ಇಂಚು ತಾವೇ ಒಡೆದು ತೆಗೆಯಬೇಕಂತೆ. ಇಲ್ಲದಿದ್ದರೆ ಜೆಸಿಬಿ ಬರುತ್ತದಂತೆ. ಒಡೆದ ಮೇಲೆ ಒಂಬತ್ತು ಇಂಚು ಉಳಿಯುತ್ತದೆ. ಒಂಬತ್ತು ಇಂಚಿನ ಮೇಲೆ ಬೆಕ್ಕು ಕೂಡುತ್ತದೆ, ಹೆಂಗಸರು ಕೂಡಲು ಬರುವುದಿಲ್ಲ.

ನಿಮಗೆ ಸಂತೋಷವಾಗಬಹುದು.

ಇನ್ನೊಂದು ಪ್ರಶ್ನೆ. ಇದಕ್ಕೂ ಮೇಲಿನದಕ್ಕೂ ಸಂಬಂಧವಿಲ್ಲ. ಒಮ್ಮೆ ಕೊಟ್ಟ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುತ್ತದೆಯೇ, ಅದಕ್ಕೆ ಏನು ಮಾಡಬೇಕು? ರೇಣವ್ವನ ಮೊಮ್ಮಗಳು ಸಮೃದ್ಧಿಗೆ ಶಾಲೆಯಲ್ಲಿ ಕೇಳಿದ್ದಾರಂತೆ. ಅವಳು ಈಗ ಎರಡನೆಯ ಇಯತ್ತೆ. ಉತ್ತರ ಲಗೂನೆ ಬೇಕಂತೆ.

ಕಾಡವ್ವ


ವಿಯಾ ಲುಸೇರಾ
28 ಸೆಪ್ಟೆಂಬರ್ 2025

ಸೌ. ಕಾಡವ್ವನವರಿಗೆ,

ವಿಷಯ: ವಿಜಯದ ಬಗ್ಗೆ.
ಉಲ್ಲೇಖ: ನಿಮ್ಮ ಪತ್ರ, 11ನೇ ಸೆಪ್ಟೆಂಬರ್.

ನಿಮ್ಮ ಪತ್ರ ತಲುಪಿತು. ಅದನ್ನು ನಾಲ್ಕು ಸಲ ಓದಿದೆ. ಹತ್ತೊಂಬತ್ತು ವರ್ಷ ಆರು ತಿಂಗಳ ಮೇಲೆ ನ್ಯಾಯ ಸಿಕ್ಕಿತು. ‘ನಿಮಗೆ ಸಂತೋಷವಾಗಬಹುದು’ ಎಂದು ಬರೆದಿದ್ದೀರಿ. ನಿಮ್ಮ ಸಂತೋಷವೂ ಆ ಸಾಲಿನಲ್ಲಿ ಕಾಣುತ್ತಿತ್ತು.

ನಿಮ್ಮ ಪ್ರಶ್ನೆಗೆ ಉತ್ತರ: ಅರ್ಜಿ ಕೊಟ್ಟವನೇ ಸಹಿ ಮಾಡಿ, ಕಾರಣ ತೋರಿಸಿ ಹಿಂಪಡೆಯಬಹುದು. ಮರ್ಯಾದೆ ಇದ್ದವನು ಹಾಗೆ ಮಾಡುವುದಿಲ್ಲ ಎಂದೂ ಸಮೃದ್ಧಿಗೆ ಹೇಳಿರಿ. ಎರಡನೆಯ ಇಯತ್ತೆಗೇ ಇಂಥ ಪ್ರಶ್ನೆ ಕೇಳುತ್ತಾರೆಂದರೆ ನಮ್ಮ ಶಾಲೆಗಳು ಸುಧಾರಿಸಿವೆ.

ಒಡೆಯುವ ದಿನ ನೀವು ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿರಿ. ನಿಖಿತಾಳಿಗೆ ಹೇಳಿ ಫೋಟೊ ತೆಗೆಸಿರಿ. ಇಲ್ಲಿ ನಾನು ಎಲ್ಲರಿಗೂ ತಿಂತೊ ಕೊಡಿಸಿದೆ, ಆ ಫೋಟೊ ಇದರ ಜೊತೆಗಿದೆ. ನಿಮ್ಮ ಆರೋಗ್ಯ ನೋಡಿಕೊಳ್ಳಿರಿ.

ನಿಮ್ಮ
ಮೈಲಾರಲಿಂಗ


ಬೆಳಗಾವಿ
3 ಅಕ್ಟೋಬರ್ 2025

ಯಜಮಾನರಿಗೆ,

ನಿಮಗೆ ಎಲ್ಲ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು. ಯಾರು ಹೇಳಿದರು ಎಂದು ಕೇಳುವುದಿಲ್ಲ.

ನೀವು ನನ್ನನ್ನು ನೀವು ಎಂದದ್ದು ಇದಕ್ಕೆ ಮುಂಚೆ ಒಂದೇ ಸಲ. 1999ರಲ್ಲಿ, ನೀರಿನ ನಲ್ಲಿಯ ಅರ್ಜಿಯ ಕಾರ್ಬನ್ ಪ್ರತಿಯಲ್ಲಿ ನಾನು ಒಗ್ಗರಣೆ ಅವಲಕ್ಕಿ ಕಟ್ಟಿಕೊಟ್ಟಾಗ. ‘ನೀವು ದೊಡ್ಡವರು, ನಿಮಗೆ ಯಾರು ಹೇಳಬೇಕು’ ಎಂದಿರಿ. ಆಮೇಲೆ ಮೂರು ದಿನ ಊಟ ಮಾಡಲಿಲ್ಲ. ನೆನಪು ನಿಮ್ಮೊಬ್ಬರಿಗೇ ಇರುವುದಿಲ್ಲ. ಈ ಸಲ ಪತ್ರದ ತುಂಬ ನೀವು, ನಿಮ್ಮ, ನೋಡಿರಿ, ಹೇಳಿರಿ. ಇದು ಅಲ್ಲಿಯವರು ಹೆಂಡತಿಗೆ ಅನ್ನುವ ನೀವೋ, ನಾಯಿಗೆ ಅನ್ನುವ ನೀವೋ, ಅದನ್ನಾದರೂ ಬಿಡಿಸಿ ಬರೆಯಬಹುದಿತ್ತು.

ಆದ್ದರಿಂದ ನಾನೇ ಬರೆಯುತ್ತೇನೆ. ಜೂನ್ ಒಂಬತ್ತರಿಂದ ನಾನು ದಿನಾ ಸಂಜೆ ಬಿಲ್ಕೀಸರ ಕಟ್ಟೆಯ ಮೇಲೆ ಕೂಡುತ್ತಿದ್ದೇನೆ. ಕೌದಿಯ ನಾಲ್ಕು ಮೂಲೆಯಲ್ಲಿ ಎರಡು ಬಿಲ್ಕೀಸರದು ಮತ್ತು ಶಗುಫ್ತಾಳದು. ಅರಿವೆಯ ತುಂಡುಗಳೂ ಅವರ ಕ್ಲಾಸಿನವೇ. ಮೊದಲ ದಿನ ನಾನು ನಮ್ಮ ಮನೆಯ ಹೊಸ್ತಿಲಲ್ಲಿ ಕೌದಿ ಹಾಸಲು ಒದ್ದಾಡುತ್ತಿದ್ದೆ. ಬಿಲ್ಕೀಸರು ಎದುರಿನಿಂದ ನೋಡಿ ಅಂದರು, ‘ಏ ಕಾಡವ್ವ, ನಿಮ್ಮ ಮನ್ಯಾಗ ಕೌದಿಗೆ ಎಲ್ಲಿ ಜಾಗಾ ಐತಿ, ಎಲ್ಲಾ ನಿನ್ನ ಗಂಡನ ಫೈಲ್ ಮಲಗ್ಯಾವ. ಬಾ, ಇಲ್ಲಿ ಹಾಸು.’ ನಾನು ಅರ್ಜಿಯ ವಿಷಯ ತೆಗೆದೆ. ಅದಕ್ಕೆ ಅವರು, ‘ಅವ್ರು ಅರ್ಜಿ ಬರ್ದಿದ್ದು ಕಲ್ಲಿನ ಮ್ಯಾಲ. ಕಲ್ಲಿಗೇನ್ ಸಿಟ್ಟ ಬರಂಗಿಲ್ಲ, ಕುಂದ್ರು’ ಅಂದರು. ಹತ್ತೊಂಬತ್ತು ವರ್ಷ ಆ ಬಾಗಿಲ ಮುಂದೆ ನಾನು ತಲೆ ತಗ್ಗಿಸಿ ಹೋಗಿದ್ದೆ.

ಇನ್ನು ಪುಸ್ತಕದ ಹಾಗೆ ಬರೆಯಾಕ ಆಗೂದಿಲ್ಲ. ಖರೇ ಹೇಳ್ತೀನ್ರಿ, ಆ ಕಟ್ಟಿ ಒಡದರ ನನ್ನ ಎದಿ ಒಡದಂಗ ಆಗ್ತೈತಿ. ನಿಮಗ ಮಾತಾಡಾಕ ಇಡೀ ಆಫೀಸು, ಇಡೀ ಸರಕಾರ ಐತಿ. ನನಗ ಅದೊಂದ ಕಟ್ಟಿ.

ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಿರಿ. ಮೂವತ್ತನಾಲ್ಕು ವರ್ಷದಲ್ಲಿ ನಾನು ನಿಮ್ಮನ್ನು ಕೇಳಿದ್ದು ಇದೊಂದು.

ನಿಮ್ಮ ಫೋಟೊ ನೋಡಿದೆ. ಕೈಯಲ್ಲಿ ಕಾಫಿ, ಹಿಂದೆ ನಾಯಿ. ನೀವು ಕೂತಿರುವ ಪ್ಲಾಸ್ಟಿಕ್ ಕುರ್ಚಿ ಫುಟ್‌ಪಾತಿನ ಮೇಲಿದೆ. ಬಿಲ್ಕೀಸರು ಕನ್ನಡಕ ಹಾಕಿಕೊಂಡು ಎಣಿಸಿದರು. ಎಂಟನೆಯ ಕುರ್ಚಿ ಯಾಕೆ ಬಂತು ಎಂದು ನಮಗೆ ಇಲ್ಲಿಯೇ ತಿಳಿಯಿತು.

ಕಾಡವ್ವ


ಪಾರಿಶ್ವಾಡ, ಖಾನಾಪುರ ತಾಲೂಕು
19 ಅಕ್ಟೋಬರ್ 2025

ಯಜಮಾನರಿಗೆ,

ದೀಪಾವಳಿಗೆ ತವರಿಗೆ ಬಂದಿದ್ದೇನೆ. ಹದಿನಾರು ದಿನವಾಯಿತು, ನಿಮ್ಮ ಉತ್ತರವಿಲ್ಲ. ಆ ದೇಶದ ಸರಕಾರವೇ ಹದಿನೈದು ದಿನದಲ್ಲಿ ಉತ್ತರ ಕೊಡುತ್ತದೆ ಎಂದು ಬರೆದಿದ್ದಿರಿ. ಮಾರ್ಚಿನಲ್ಲಿ ನೀವು ಬೆಳಗಾವಿಗೆ ಬಂದಾಗ ನಾನು ಅಲ್ಲಿರಬೇಕೋ ಇಲ್ಲಿಯೇ ಇರಬೇಕೋ ಎಂದು ಅಣ್ಣ ಕೇಳುತ್ತಿದ್ದಾನೆ. ನಾನು ಏನು ಹೇಳಲಿ?

ಕಾಡವ್ವ


ವಿಯಾ ಲುಸೇರಾ
21 ಅಕ್ಟೋಬರ್ 2025

ಕಾಡವ್ವ,

ಅಣ್ಣನಿಗೆ ಹೇಳು, ಬೆಳಗಾವಿಯಲ್ಲಿಯೇ ಇರುತ್ತೀ ಎಂದು.

ಹದಿನಾರಲ್ಲ, ಹದಿನೆಂಟು ದಿನ. ಕೆಲಸದ ದಿನ ಲೆಕ್ಕ ಹಿಡಿದರೆ ಹನ್ನೊಂದೇ, ಈ ತಿಂಗಳೂ ಒಂದು ಸೋಮವಾರ ರಜೆ ಇತ್ತು. ಆದರೂ ತಡವಾಯಿತು. ಮೊದಲ ಐದು ದಿನ ನನಗೆ ಸಿಟ್ಟು. ನಲವತ್ತೊಂದು ಅರ್ಜಿ ನಾನು ಯಾರ ಸಲುವಾಗಿ ಬರೆದೆ, ನಮ್ಮ ಓಣಿಯ ಸಲುವಾಗಿ, ಮತ್ತು ನನ್ನ ಹೆಂಡತಿ ಆ ಅತಿಕ್ರಮಣದ ಮೇಲೆಯೇ ಕೂತು ದಾರ ಪೋಣಿಸುತ್ತಾಳೆ. ಐದು ಪುಟ ಬರೆದೆ. ಕಳಿಸಲಿಲ್ಲ. ಅದರಲ್ಲಿ ‘ನೀವು’ ಎಂದು ಬರೆದದ್ದೆಲ್ಲ ಖರೇನೇ ಸಿಟ್ಟಿನ ‘ನೀವು’ ಆಗಿತ್ತು. ಅದನ್ನು ಓದಿದ ಮೇಲೆ, ಹಿಂದಿನ ಪತ್ರ ನಿನಗೆ ಹೇಗೆ ಕೇಳಿಸಿರಬೇಕು ಎಂದು ಹೊಳೆಯಿತು.

ಯಾರೂ ನನಗೆ ಏನೂ ಹೇಳಿರಲಿಲ್ಲ. ನನಗೆ ಏನೂ ಗೊತ್ತಿರಲಿಲ್ಲ. ನಾನು ಗೌರವಕ್ಕೆ ಬರೆದದ್ದು ಅದು. ಇಲ್ಲಿ ಆನ್ಸೆಲ್ಮೊ ಎಂಬ ಮುದುಕರು ಇದ್ದಾರೆ, ದಿನಾ ಹೆಂಡತಿಯ ಜೊತೆ ನೂಬಿಯಾಬಾಯಿಯ ಅಂಗಡಿಗೆ ಬರುತ್ತಾರೆ. ಸೆಪ್ಟೆಂಬರಿನ ಒಂದು ಸಂಜೆ ಗಾಳಿ ಬಿಟ್ಟಿತು. ಅವರು ಹೆಂಡತಿಗೆ, ನಿಮಗೆ ಚಳಿಯಾಗುತ್ತಿದೆಯೇ ಎಂದು ಕೇಳಿದರು. ಅಷ್ಟೇ. ಮೂವತ್ತನಾಲ್ಕು ವರ್ಷದಲ್ಲಿ ನಿನಗೆ ಚಳಿಯಾಗುತ್ತದೆಯೇ ಎಂದು ನಾನು ಯಾವಾಗ ಕೇಳಿದ್ದೆ ಎಂದು ನೆನಪು ಮಾಡಿಕೊಂಡೆ. ಸಿಗಲಿಲ್ಲ. ನನ್ನ ನೆನಪಿನಲ್ಲಿ ಇಲ್ಲ ಎಂದರೆ ಕೇಳಿಲ್ಲ. ಅದಕ್ಕೆ ಒಂದು ಪತ್ರವನ್ನಾದರೂ ಅವರ ಹಾಗೆ ಬರೆಯೋಣ ಎಂದು ಬರೆದೆ. ಹೆಂಡತಿಗೆ ಅನ್ನುವುದೇ, ನಾಯಿಗೆ ಅನ್ನುವುದಲ್ಲ.

ಎಂಟನೆಯ ಕುರ್ಚಿಯ ವಿಚಾರಣೆ ಮುಗಿದಿದೆ. ಅರ್ಜಿಯ ಒಂದು ಪ್ರತಿ ನೂಬಿಯಾಬಾಯಿಗೂ ಹೋಗಿತ್ತು. ಆಕೆ ಓದಿ, ಪಾಪ, ಇವರಿಗೆ ಕುರ್ಚಿ ಸಿಗುತ್ತಿರಲಿಲ್ಲ, ಅದಕ್ಕೇ ಬೇಜಾರಾಗಿದೆ ಎಂದು ತಿಳಿದು ಮರುದಿನವೇ ಒಂದು ಹೆಚ್ಚಿಗೆ ತಂದಿಟ್ಟಳು. ಅದರ ಬೆನ್ನ ಮೇಲೆ ನನ್ನ ಹೆಸರು ಬರೆದಿದೆ, ತಪ್ಪು ಅಕ್ಷರದಲ್ಲಿ. ನಾನು ಎರಡು ತಿಂಗಳಿನಿಂದ ಅದರ ಮೇಲೆ ಕೂಡುತ್ತಿದ್ದೇನೆ. ನಡೆಯುವವರು ನನ್ನನ್ನು ಸುತ್ತುಹಾಕಿ ರಸ್ತೆಗೆ ಇಳಿದು ನಡೆಯುತ್ತಾರೆ, ಮತ್ತು ನನಗೆ ನಮಸ್ಕಾರ ಹೇಳುತ್ತಾರೆ.

ಹಿಂಪಡೆಯುವ ಅರ್ಜಿ ಇದರ ಜೊತೆಗಿದೆ. ಇದು ನನ್ನ ಜೀವನದ ಮೊದಲನೆಯದು. ವಾರ್ಡ್ ಆಫೀಸಿಗೆ ಮುಟ್ಟಿಸು. ಸ್ವೀಕೃತಿ ಪಡೆಯದೆ ಬರಬೇಡ.

ಮೈಲಾರಲಿಂಗ


ಬೆಳಗಾವಿ
28 ಅಕ್ಟೋಬರ್ 2025

ಯಜಮಾನರಿಗೆ,

ನಿನ್ನೆ ನಾನು ಮತ್ತು ಬಿಲ್ಕೀಸರು ರಿಕ್ಷಾ ಮಾಡಿಕೊಂಡು ವಾರ್ಡ್ ಆಫೀಸಿಗೆ ಹೋಗಿದ್ದೆವು. ಅಲ್ಲಿ ಪ್ರಸಾದ ಎಂಬ ಕ್ಲಾರ್ಕ್ ಇದ್ದಾರೆ. ನಿಮ್ಮ ಹೆಸರು ಹೇಳಿದ ಕೂಡಲೇ ಎದ್ದು ನಿಂತರು. ಅವರು ಕೆಲಸಕ್ಕೆ ಸೇರಿದಾಗ ಮೊದಲು ಕಲಿತದ್ದೇ ನಿಮ್ಮ ಸಹಿಯನ್ನಂತೆ. ನೀವು ಊರಲ್ಲಿಲ್ಲ ಎಂದಾಗ ಕೂತರು.

ನಿಮ್ಮ ಕಾಗದ ಓದಿ, ಇದು ನಲವತ್ತೊಂದನೆಯ ಅರ್ಜಿಗೆ ಮಾತ್ರ ಆಯಿತು, ಉಳಿದ ನಲವತ್ತು ಹಾಗೆಯೇ ನಿಂತಿವೆ, ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರು, ಬೇರೆ ಬೇರೆ ಕಾಗದ ಬೇಕು ಎಂದರು. ಪ್ರತಿಯೊಂದರಲ್ಲೂ ಕಾರಣ ಬರೆಯಬೇಕು, ಎಲ್ಲದಕ್ಕೂ ಒಂದೇ ಕಾರಣ ಬರೆದರೆ ಸಾಹೇಬರು ಒಪ್ಪುವುದಿಲ್ಲ. ಫೋಟೊದಿಂದ ತೆಗೆದ ಪ್ರಿಂಟು ನಡೆಯುತ್ತದಂತೆ. ‘ಅವ್ವಾರ, ನಲವತ್ತೊಂದು ಬಾಕಿ ಒಮ್ಮೆಲೇ ಮುಗೀತಾವ ಅಂದ್ರ ಹಾಳಿ ಮ್ಯಾಲ ಇದ್ದಿಲಿನಿಂದ ಬರ್ಕೊಂಡ ಬಂದ್ರೂ ತಗೋತೇನ್ರಿ’ ಎಂದರು.

ಹಳೆಯ ನಂಬರು ತಾರೀಖು ಅವರ ಹತ್ತಿರ ಪೂರ್ತಿ ಇಲ್ಲ. ನಿಮ್ಮ ಫೈಲು ಹುಡುಕಲೇ ಎಂದೆ. ಬಿಲ್ಕೀಸರು, ‘ಹುಡುಕೂದ್ ಯಾಕ, ಅವ್ರ ತಲ್ಯಾಗ ಎಲ್ಲಾ ಐತಿ, ಬ್ಯಾಡಂದ್ರೂ ಹೋಗಂಗಿಲ್ಲ’ ಎಂದರು.

ರಾಜ್ಯೋತ್ಸವದ ರಜೆ ಬೇರೆ ನಡುವೆ ಇದೆ. ದಿನ ಹೆಚ್ಚು ಉಳಿದಿಲ್ಲ.

ಕಾಡವ್ವ


ವಿಯಾ ಲುಸೇರಾ
3 ನವೆಂಬರ್ 2025

ಕಾಡವ್ವ,

ನಲವತ್ತು ಕಾಗದ ಬರೆದಿದ್ದೇನೆ. ನಿಖಿತಾಳಿಗೆ ಎಲ್ಲ ಕಳಿಸಿದ್ದೇನೆ. ನಂಬರು, ತಾರೀಖು ಎಲ್ಲ ಸರಿಯಿವೆ, ಆಫೀಸಿನವರು ತಮ್ಮ ಪುಸ್ತಕವನ್ನು ಇದರಿಂದ ತಿದ್ದಿಕೊಳ್ಳಬಹುದು. ಕಷ್ಟವಾದದ್ದು ಕಾರಣದ ಅಂಕಣ.

ಮೊದಮೊದಲು ಸುಲಭವಾಗಿತ್ತು. ‘ಸಂಚಾರಕ್ಕೆ ಅಡ್ಡಿ ಕಂಡುಬಂದಿಲ್ಲ’ ಎಂದು ಒಂದರಲ್ಲಿ. ‘ಓಣಿಯಲ್ಲಿ ಸಂಚಾರವೇ ಇಲ್ಲ’ ಎಂದು ಇನ್ನೊಂದರಲ್ಲಿ. ಏಳು ಆಗುವಷ್ಟರಲ್ಲಿ ಸರಕಾರಿ ಕಾರಣಗಳು ಮುಗಿದವು. ಆಮೇಲೆ ಖರೇ ಕಾರಣ ಬರೆಯತೊಡಗಿದೆ, ಬೇರೆ ದಾರಿ ಇರಲಿಲ್ಲ. ಮೂವತ್ತಮೂರನೆಯ ಅರ್ಜಿ, 2018: ಅಂದು ಕಾರ್ಖಾನೆಯಲ್ಲಿ ಫೋರ್‌ಮನ್ ನನ್ನನ್ನು ಎಲ್ಲರೆದುರು ಬೈದಿದ್ದರು, ಅವರ ಮೇಲೆ ಬರೆಯಲು ಬರುತ್ತಿರಲಿಲ್ಲ. ಇಪ್ಪತ್ತಾರನೆಯದು, 2014: ಎದುರುಮನೆಯ ಬಿರಿಯಾನಿಯ ವಾಸನೆ ನಮ್ಮ ಮನೆಯವರೆಗೆ ಬಂತು, ಬಿರಿಯಾನಿ ಬರಲಿಲ್ಲ. ಹದಿನೇಳನೆಯದು: ಹೊಸ ಅಳತೆ ಟೇಪು ತಂದಿದ್ದೆ. ಒಂಬತ್ತನೆಯದಕ್ಕೆ ಕಾರಣವೇ ಇರಲಿಲ್ಲ, ಭಾನುವಾರವಾಗಿತ್ತು.

ನಿನ್ನೆ ಸಂಜೆ ಕುರ್ಚಿಯ ಮೇಲೆ ಕೂತು ಕೊನೆಯದನ್ನು ಬರೆದೆ. ಅದು ಮೊದಲನೆಯದು. ಇಲ್ಲಿಯೂ ಇರಲಿ ಎಂದು ಪ್ರತಿ ಮಾಡುತ್ತೇನೆ.

‘ಮಾನ್ಯರೇ, ದಿನಾಂಕ 4 ಮಾರ್ಚ್ 2006ರ ನನ್ನ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ. ಕಾರಣ: ಅದರ ಹಿಂದಿನ ದಿನ, ಮಾರ್ಚ್ 3, ಶುಕ್ರವಾರ, ಸಂಜೆ ಆರಕ್ಕೆ ನಾನು ಕೆಲಸದಿಂದ ಬಂದಾಗ ನನ್ನ ಹೆಂಡತಿ ಆ ಕಟ್ಟೆಯ ಮೇಲೆ ಬಿಲ್ಕೀಸರೊಂದಿಗೆ ಕೂತು ನಗುತ್ತಿದ್ದಳು. ಹಲ್ಲು ಕಾಣುವ ಹಾಗೆ, ಸೆರಗು ಬಾಯಿಗೆ ಹಿಡಿಯದೆ. ಮದುವೆಯಾಗಿ ಹದಿನೈದು ವರ್ಷದಲ್ಲಿ ನಾನು ಆ ನಗು ಕಂಡಿರಲಿಲ್ಲ. ನಾನು ಓಣಿಯ ತಿರುವಿನಲ್ಲಿ ನಿಂತೆ. ನನ್ನನ್ನು ಕಂಡ ಕೂಡಲೇ ಆಕೆ ನಗು ನಿಲ್ಲಿಸಿ, ಎದ್ದು, ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ನಾನು ಕಟ್ಟೆಯ ಅಳತೆ ಹಿಡಿದದ್ದು ಮರುದಿನ ಬೆಳಿಗ್ಗೆ. ಕಟ್ಟೆಯದೇನೂ ತಪ್ಪಿರಲಿಲ್ಲ. ತಮ್ಮ ವಿಶ್ವಾಸಿ.’

ಎಲ್ಲ ನಲವತ್ತನ್ನೂ ಕೊಡು. ಸ್ವೀಕೃತಿ ಪಡೆ.

ಮೈಲಾರಲಿಂಗ


ಬೆಳಗಾವಿ
7 ನವೆಂಬರ್ 2025

ಯಜಮಾನರಿಗೆ,

ನಿಖಿತಾ ಎಲ್ಲ ಪ್ರಿಂಟು ತೆಗೆದುಕೊಟ್ಟಳು. ಆಕೆ ಓದಿದ್ದಾಳೆ, ನನ್ನ ಮುಖ ನೋಡುತ್ತಿಲ್ಲ. ಇಂದು ಹನ್ನೊಂದಕ್ಕೆ ಆಫೀಸಿಗೆ ಹೋದೆ. ಪ್ರಸಾದ ಅವರು ಒಂದೊಂದಕ್ಕೂ ಠಸ್ಸೆ ಹೊಡೆದು ಸ್ವೀಕೃತಿ ಕೊಟ್ಟರು. ಬಿರಿಯಾನಿಯ ಕಾಗದ ಬಂದಾಗ ಠಸ್ಸೆ ಕೆಳಗಿಟ್ಟು ಪಕ್ಕದ ಟೇಬಲ್ಲಿನವರನ್ನು ಕರೆದು ತೋರಿಸಿದರು. ಬಿಲ್ಕೀಸರಿಗೂ ಅದನ್ನು ಓದಿ ಹೇಳಿದೆ. ಅವರು ಬೆರಳು ಮಡಚಿ ಎಣಿಸಿ, ‘ಅಂದ್ರ 2014ದಾಗ ಒಂದ ತಾಟು ಕಳಿಸಿದ್ರ ಹದಿನಾರ ಅರ್ಜಿ ಕಮ್ಮಿ ಆಗ್ತಿದ್ವು’ ಎಂದರು. ಶಗುಫ್ತಾ ಹೊಲಿಯುವುದನ್ನು ಬಿಟ್ಟು ಓಡಿ ಹೋದಳು, ನಗು ತಡೆಯಲಾರದೆ.

ಸೋಮವಾರದ ಜೆಸಿಬಿಯನ್ನು ನಿಲ್ಲಿಸಲು ಸಾಹೇಬರು ಒಪ್ಪಿದ್ದಾರೆ, ಆದರೆ ಇನ್ನೂ ಒಂದು ಕಾಗದ ಕಡಿಮೆ ಇದೆ ಎಂದು ಪ್ರಸಾದ ಹೇಳಿದರು. ಅವರ ಎಣಿಕೆ ಸರಿ. ನಾನು ಮೂವತ್ತೊಂಬತ್ತನ್ನೇ ಕೊಟ್ಟೆ. ಮಾರ್ಚ್ 4, 2006ರದನ್ನು ಕೊಡಲಿಲ್ಲ. ಆ ಕಾಗದವನ್ನು ನೀವು ಆಫೀಸಿಗೆ ಬರೆದಿಲ್ಲ. ಅದು ನನ್ನದು. ಅದರ ಮೇಲೆ ಯಾರೂ ಠಸ್ಸೆ ಹೊಡೆಯುವುದು ಬೇಡ.

ಅದಕ್ಕೆ ಬೇರೆ ಏನಾದರೂ ಕಾರಣ ಬರೆದು ಕಳಿಸಿರಿ. ಸುಳ್ಳಾದರೂ ನಡೆಯುತ್ತದೆ. ನಾಳೆ ಎರಡನೆಯ ಶನಿವಾರ, ನಾಡಿದ್ದು ಭಾನುವಾರ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಆಫೀಸಿನ ಬಾಗಿಲಲ್ಲಿ ಇರುತ್ತೇನೆ. ಲಗೂನ ಬರೀರಿ, ಇಲ್ಲಾಂದ್ರ ನಾನ ಒಂದ್ ಕಾರಣ ಬರದು ನಿಮ್ಮ ಸಹಿ ಮಾಡ್ತೇನಿ.

ಕಾಡವ್ವ